ಅಕ್ಷರಗುಂಡಿನಿಂದ ಮುನ್ಸಿಫ್ ಕೋರ್ಟಿನವರೆಗೆ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಹೊರಟರೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗುಡ್ಡಗಳು ಎದುರಾಗುತ್ತವೆ. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ, ಒಂದಕ್ಕೊಂದು ಹತ್ತಿರದಲ್ಲೇ, ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಹಚ್ಚುವ ಮೊದಲೂ ಊರವರಿಗೆ ಈ ಬಂಡೆಗಳ ಪರಿಚಯವಿತ್ತು. ಬ್ರಹ್ಮಗಿರಿಯದನ್ನು ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ. ಓದಲು ಬಾರದಿದ್ದರೂ ಬರೆದದ್ದನ್ನು ಅಕ್ಷರವೆಂದು ಜನ ಗುರುತಿಸಿದ್ದರು.

ಶಾಸನ ಎಂದರೂ ಇದು ನಿಜವಾಗಿ ಒಂದು ಸರಕಾರಿ ಪತ್ರ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಬರೆಸಿದ್ದು. ಇಸಿಲವೆಂದರೆ ಈ ಗುಡ್ಡಗಳ ನಡುವೆಯೇ ಇದ್ದ ಪಟ್ಟಣ. ಪತ್ರ ಮೊದಲು ಅವರ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಖೈರಿಯತ್ ಕೇಳದೆ ಕಾಗದ ಶುರು ಮಾಡಬಾರದೆಂದು ಉರ್ದು ಶಾಲೆಯಲ್ಲಿ ಕಲಿತ ನನಗೆ ಅದು ತೀರಾ ಹತ್ತಿರದ ಮಾತೆನಿಸಿತು. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಪತ್ರವೆಲ್ಲ ಬ್ರಾಹ್ಮಿಯಲ್ಲಿದೆ. ತನ್ನನ್ನು ಲಿಪಿಕಾರನೆಂದು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಅಂದರೆ ಬಲದಿಂದ ಎಡಕ್ಕೆ, ಬರೆದಿದ್ದಾನೆ. ಅದು ಪೇಶಾವರ, ತಕ್ಷಶಿಲೆಗಳ ಕಡೆಯ ಲಿಪಿ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಆ ಕಡೆಯ ಬರವಣಿಗೆ ಬಲ್ಲವನೊಬ್ಬ ನಮ್ಮ ಬಯಲುಸೀಮೆಯಲ್ಲಿ ಉಳಿಯ ಕೆಲಸಕ್ಕೆ ಅಕ್ಷರ ಕೊಟ್ಟಿದ್ದ.

ಪತ್ರದಲ್ಲಿ ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದಿದೆ. ವಿಚಾರಣೆ, ಸೆರೆ, ಶಿಕ್ಷೆಗಳ ಸುದ್ದಿ ಇಲ್ಲ. ಮಹಾಮಾತ್ರನಾದವನು ಆ ಅಧಿಕಾರವನ್ನು ಹೇಗೆ ನಡೆಸಬೇಕು ಎಂಬುದನ್ನು ತಿಳಿಯಲು ಕರ್ನಾಟಕದ ಇನ್ನೊಂದು ತುದಿಗೆ, ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಗೆ ಹೋಗಬೇಕು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಸಿಕ್ಕವು. ಅವುಗಳಲ್ಲಿ ವಿದ್ವಾಂಸರು ‘ಪ್ರತ್ಯೇಕ ಶಾಸನ’ಗಳೆಂದು ಕರೆಯುವ ಎರಡೂ ಇದ್ದವು. ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದರಿಂದ ಅದುವರೆಗೆ ಅವು ಕಳಿಂಗಕ್ಕೆಂದೇ ಬರೆದವು ಎಂದು ತಿಳಿಯಲಾಗಿತ್ತು.

ಮೊದಲ ಪ್ರತ್ಯೇಕ ಶಾಸನ ನಗರದ ನ್ಯಾಯಾಧಿಕಾರಿಗಳನ್ನು ಉದ್ದೇಶಿಸಿದ್ದು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಆರಂಭಿಸುವ ರಾಜ ಕೂಡಲೇ ನೆಲಕ್ಕಿಳಿಯುತ್ತಾನೆ. ಯಾರೋ ಒಬ್ಬ ಕಾರಣವಿಲ್ಲದೆ ಸೆರೆಗೆ, ಹಿಂಸೆಗೆ ಸಿಕ್ಕಿಕೊಳ್ಳುತ್ತಾನೆ, ಅವನಿಂದಾಗಿ ಇನ್ನೂ ಅನೇಕರು ದುಃಖಪಡುತ್ತಾರೆ. ನೀವು ನಡುದಾರಿಯಲ್ಲಿ ನಡೆಯಿರಿ ಎನ್ನುತ್ತಾನೆ. ಅದು ಏಕೆ ಸಾಧ್ಯವಾಗುವುದಿಲ್ಲ ಎಂಬುದಕ್ಕೆ ಕಾರಣಗಳ ಪಟ್ಟಿಯನ್ನೂ ಕೊಡುತ್ತಾನೆ: ಮತ್ಸರ, ಮುಂಗೋಪ, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ಆಯಾಸ.

ಕೊನೆಯ ಆ ಒಂದು ಪದದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಅನ್ಯಾಯಕ್ಕೆ ದುಷ್ಟತನವೇ ಬೇಕೆಂದಿಲ್ಲ, ದಣಿವು ಸಾಕು ಎಂದು ಬಲ್ಲವನ ಮಾತು ಅದು. ಸಂಜೆ ಐದು ಗಂಟೆಯ ಕೋರ್ಟು ಹಾಲನ್ನು ಕಂಡವರಿಗೆ ವಿವರಿಸಬೇಕಿಲ್ಲ. ಮೇಜಿನ ಮೇಲೆ ಕಡತಗಳು, ಬಾಗಿಲಲ್ಲಿ ಹೆಸರು ಕೂಗುವ ಜವಾನ, ಒಂದು ನಿಮಿಷದಲ್ಲಿ ಮುಂದಿನ ತಾರೀಖು. ಅಲ್ಲಿ ಯಾರೂ ಯಾರಿಗೂ ಕೇಡು ಬಯಸಿರುವುದಿಲ್ಲ.

ರಾಜ ಉಪದೇಶಿಸಿ ಸುಮ್ಮನಾಗಲಿಲ್ಲ. ಒರಟನಲ್ಲದ ಅಧಿಕಾರಿಯೊಬ್ಬನನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಕಳಿಸುತ್ತೇನೆ, ಉಜ್ಜಯಿನಿಯ ರಾಜಕುಮಾರ ಮೂರು ವರ್ಷ ಮೀರದಂತೆ ಕಳಿಸಬೇಕು, ತಕ್ಷಶಿಲೆಯಿಂದಲೂ ಹಾಗೆಯೇ ಎಂದು ವಿಧಿಸಿದ. ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಂದು ಓದಿ ಕೇಳಿಸಬೇಕು, ನಡುವೆಯೂ, ಕೇಳುವವನು ಒಬ್ಬನೇ ಇದ್ದರೂ ಸರಿ, ಓದಬಹುದು ಎಂದ.

ಇದೇ ರಾಜನ ನಾಲ್ಕನೆಯ ಸ್ತಂಭಶಾಸನದಲ್ಲಿ ‘ವ್ಯವಹಾರಸಮತೆ’, ‘ದಂಡಸಮತೆ’ ಎಂಬ ಎರಡು ಪದಗಳು ಬರುತ್ತವೆ. ವಿಚಾರಣೆಯಲ್ಲಿಯೂ ಸಮಾನತೆ, ಶಿಕ್ಷೆಯಲ್ಲಿಯೂ ಸಮಾನತೆ. ಅಲ್ಲದೆ ಮರಣದಂಡನೆಗೆ ಗುರಿಯಾದವನಿಗೆ ಮೂರು ದಿನಗಳ ಬಿಡುವು. ಆ ಅವಧಿಯಲ್ಲಿ ಬಂಧುಗಳು ಅವನ ಪ್ರಾಣಕ್ಕಾಗಿ ಮೊರೆಯಿಡಬಹುದು. ಈ ಮಾತುಗಳಿರುವ ಒಂದು ಕಂಬವನ್ನು 14ನೆಯ ಶತಮಾನದಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್ ಇಂದಿನ ಹರಿಯಾಣದ ತೋಪ್ರಾದಿಂದ ದೆಹಲಿಗೆ ತರಿಸಿದ. ಬೂರುಗದ ಹತ್ತಿಯ ಮೇಲೆ ಮೆಲ್ಲಗೆ ಮಲಗಿಸಿ, ಜೊಂಡು ಸುತ್ತಿ, 42 ಗಾಲಿಗಳ ಬಂಡಿಯಲ್ಲಿ ಎಳೆಸಿದ್ದನ್ನು ಶಮ್ಸ್ ಸಿರಾಜ್ ಅಫೀಫ್ ಬರೆದಿಟ್ಟಿದ್ದಾನೆ. ಸುಲ್ತಾನ ಓದಿಸಲು ನೋಡಿದ, ಯಾರಿಗೂ ಬರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ ಮೇಲೆಯೇ ಕಂಬ ಬಾಯಿಬಿಟ್ಟಿದ್ದು. ಈಗಲೂ ಅದು ಫಿರೋಜ್ ಷಾ ಕೋಟ್ಲಾದಲ್ಲಿ, ಸುಪ್ರೀಂ ಕೋರ್ಟಿನಿಂದ ನಡೆದು ಹೋಗುವಷ್ಟು ದೂರದಲ್ಲಿದೆ. 2014ರಲ್ಲಿ ಆ ನ್ಯಾಯಾಲಯ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ, ದಯಾಭಿಕ್ಷೆಯ ಅರ್ಜಿ ತಿರಸ್ಕೃತವಾದ ವಿಷಯ ಕೈದಿಗೆ ತಲುಪಿದ ಮೇಲೆ ಗಲ್ಲಿಗೇರಿಸಲು ಕನಿಷ್ಠ 14 ದಿನಗಳ ಅಂತರವಿರಬೇಕೆಂದು ಹೇಳಿತು. ಮೂರು ದಿನದಿಂದ ಹದಿನಾಲ್ಕು ದಿನ. ನಡುವೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ.

ಆದರೆ ಅಶೋಕನನ್ನು ಹೊಗಳುವ ಭರದಲ್ಲಿ ಕೆಲವು ಸಾಲುಗಳನ್ನು ಹಾರಿಸಿ ಓದಬಾರದು. ಅವನು ಮರಣದಂಡನೆಯನ್ನು ತೆಗೆದುಹಾಕಲಿಲ್ಲ. ಕಳಿಂಗದ ಪಶ್ಚಾತ್ತಾಪವಿರುವ 13ನೆಯ ಬಂಡೆಶಾಸನದಲ್ಲೇ ಅಡವಿಯ ಜನರಿಗೆ ಎಚ್ಚರಿಕೆ ಇದೆ: ನನಗೆ ಪಶ್ಚಾತ್ತಾಪವಿದ್ದರೂ ಬಲವೂ ಇದೆ, ತಿದ್ದಿಕೊಳ್ಳದಿದ್ದರೆ ಕೊಲ್ಲಲಾಗುವುದು. ಮ್ಯಾಸಬೇಡರ, ಕಾಡುಗೊಲ್ಲರ ಈ ಸೀಮೆಯಲ್ಲಿ ನಿಂತು ಓದಿದರೆ ಆ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ಮ್ಯಾಸಬೇಡರಿಗೆ ತಮ್ಮದೇ ಕಟ್ಟೆಮನೆಗಳ ನ್ಯಾಯವಿತ್ತು. ವಾದಿ ಪ್ರತಿವಾದಿಗಳಿಬ್ಬರೂ ಹಿರಿಯರಿಗೆ ಗೊತ್ತಿದ್ದವರು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ.

ದಂಡಸಮತೆಗೆ ನೇರ ವಿರುದ್ಧವಾದದ್ದನ್ನು ಬ್ರಿಟಿಷರು 1871ರಲ್ಲಿ ಕಾನೂನು ಮಾಡಿದರು. ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಮಾಡಿದ ಕೃತ್ಯ ಬೇಕಿರಲಿಲ್ಲ, ಹುಟ್ಟು ಸಾಕಿತ್ತು. 1911ರ ಕಾಯ್ದೆಯಿಂದ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಮೈಸೂರು ಸಂಸ್ಥಾನದ ಮೊಳಕಾಲ್ಮೂರಿನಿಂದ ಮದ್ರಾಸಿಗೆ ಸೇರಿದ್ದ ರಾಯದುರ್ಗ ಕಣ್ಣಳತೆಯ ದೂರ. ಆ ಪ್ರಾಂತ್ಯದಲ್ಲಿ ಕೊರವರು, ಎರುಕಲರು ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. ಕಾಯ್ದೆ ರದ್ದಾದದ್ದು 1952ರಲ್ಲಿ. ಜೈಲಿನ ಕೈಪಿಡಿಗಳಲ್ಲಿ ಉಳಿದುಕೊಂಡಿದ್ದ ಅದರ ನೆರಳನ್ನು, ಜಾತಿ ನೋಡಿ ಕಸ ಗುಡಿಸುವ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ಅಸಿಂಧುವೆಂದದ್ದು 2024ರ ಅಕ್ಟೋಬರ್‌ನಲ್ಲಿ, ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಹೂಡಿದ ಮೊಕದ್ದಮೆಯಲ್ಲಿ.

ನಮ್ಮ ತಾಲ್ಲೂಕು ಕೋರ್ಟುಗಳ ಭಾಷೆಯನ್ನೊಮ್ಮೆ ಕಿವಿಗೊಟ್ಟು ಕೇಳಿ. ಸಿವಿಲ್ ನ್ಯಾಯಾಧೀಶರೆಂದು ಹೆಸರು ಬದಲಾಗಿ ಎಷ್ಟೋ ವರ್ಷಗಳಾದರೂ ಹಳ್ಳಿಯವರಿಗೆ ಅದು ಇನ್ನೂ ಮುನ್ಸಿಫ್ ಕೋರ್ಟೇ. ‘ನಿಸ್ಫ್’ ಎಂದರೆ ಅರ್ಧ. ಇಬ್ಬರಿಗೂ ಸರಿಪಾಲು ಕೊಡುವುದು ಇನ್ಸಾಫ್, ಕೊಡುವವನು ಮುನ್ಸಿಫ್. ಪಾರಸಿಯ ‘ಫರ್ಯಾದ್’ ಎಂದರೆ ಗೋಳಿಟ್ಟು ಕೂಗುವುದು, ಅದರಿಂದ ಫಿರ್ಯಾದಿ. ಜಾಮೀನು ಎಂಬುದು ಇನ್ನೊಬ್ಬನಿಗಾಗಿ ಹೊಣೆ ನಿಲ್ಲುವವನ ಮಾತು. ಬಡವನ ತೊಡಕು ಶುರುವಾಗುವುದೇ ಈ ಮೂರನೆಯ ಪದದಲ್ಲಿ. ಮಳೆಯಿಲ್ಲದ ವರ್ಷ ಗುಳೆ ಹೋಗುವ ಕುಟುಂಬದವನಿಗೆ ಜಾಮೀನು ಮಂಜೂರಾದರೂ ಪಹಣಿ ಹಿಡಿದು ಬಂದು ನಿಲ್ಲುವವರು ಯಾರು? 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣ ಬಿಹಾರದ ಜೈಲುಗಳಲ್ಲಿ ತೋರಿಸಿದ್ದು ಇದನ್ನೇ: ಅಪರಾಧ ರುಜುವಾದರೆ ಎಷ್ಟು ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯನ್ನೇ ಕಾಯುತ್ತ ಒಳಗಿದ್ದವರು.

2006ರಲ್ಲಿ ಜಾರಿಗೆ ಬಂದ ತಿದ್ದುಪಡಿಯೊಂದು, ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದ ವಿಚಾರಣಾಧೀನ ಕೈದಿಯನ್ನು ಸಾಮಾನ್ಯವಾಗಿ ಬಿಡಬೇಕೆಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ, ಹಿಂದೆಂದೂ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದವನಿಗೆ ಅದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಸಲ್ಲದು. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆಯನ್ನು ಕೈದಿಯ ಮೇಲಲ್ಲ, ಜೈಲಿನ ಅಧೀಕ್ಷಕನ ಮೇಲೆ ಹೊರಿಸಿದ್ದಾರೆ. ದಿನ ಲೆಕ್ಕ ಹಾಕಬೇಕಾದವನು ಇಸಿಲದ ಮಹಾಮಾತ್ರನಂತೆ ಒಬ್ಬ ಅಧಿಕಾರಿಯೇ. ಅದೇ ಕಲಮಿನಲ್ಲಿ ಇನ್ನೊಂದು ಸಾಲೂ ಇದೆ: ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವನಿಗೆ ಈ ಬಿಡುಗಡೆ ಇಲ್ಲ. ಯಾರ ಹೆಸರಿನಲ್ಲಿ ಪ್ರಕರಣಗಳು ಒಂದರ ಮೇಲೊಂದು ಬೀಳುತ್ತವೆ ಎಂಬುದು ಹಿಂದೆ ಹಾಜರಿ ಹಾಕಿದವರ ಮೊಮ್ಮಕ್ಕಳಿಗೆ ಗೊತ್ತು.