ರಿನ್ಯೂವಲ್ ತಾರೀಖು ಯಾರ ಸ್ವತ್ತು?

ಡೆಟ್ರಾಯಿಟ್‌ನ ವಾಯವ್ಯಕ್ಕಿರುವ ಫಾರ್ಮಿಂಗ್ಟನ್ ಹಿಲ್ಸ್ ನಗರವಾದದ್ದು 1973ರ ಜುಲೈ 1ರಂದು. ಸರಿಯಾಗಿ ಮೂರು ತಿಂಗಳಿಗೆ, ಅಕ್ಟೋಬರ್ 1ರಂದು, ಮಿಷಿಗನ್ ರಾಜ್ಯದಲ್ಲಿ ನೋ-ಫಾಲ್ಟ್ ವಾಹನ ವಿಮೆ ಕಾಯ್ದೆ ಜಾರಿಗೆ ಬಂತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಇವತ್ತು ಈ ಊರಿನಲ್ಲಿ ತಮ್ಮದೇ ಬೋರ್ಡು ಹಾಕಿಕೊಂಡು ಕೂತಿರುವ ವಿಮಾ ಏಜೆಂಟರ ಕಸುಬು ಹೇಗೆ ಬೆಳೆಯಿತೆಂದು ತಿಳಿಯಬೇಕಾದರೆ ಆ ಕಾಯ್ದೆಯನ್ನು ಬಿಟ್ಟು ಮಾತಾಡುವಂತಿಲ್ಲ.

ಕರ್ನಾಟಕದಲ್ಲಿ ಬೆಳೆದವರಿಗೆ ವಿಮಾ ಏಜೆಂಟ್ ಎಂದರೆ ಎಲ್‌ಐಸಿಯವರೇ. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳು ಒಂದಾಗಿ ನಿಗಮವಾದ ಮೇಲೆ, ಊರೂರಿನ ಮನೆ ಜಗಲಿಗೆ ಬಂದು ಕೂತು, ಕಾಫಿ ಕುಡಿದು, ಮಗಳ ಮದುವೆಯ ಲೆಕ್ಕ ಹೇಳಿ ಪಾಲಿಸಿ ಮಾಡಿಸಿದವರು ಅವರು. ಅವರ ಚೀಲದಲ್ಲಿದ್ದದ್ದು ಒಂದೇ ಕಂಪನಿಯ ಅರ್ಜಿ. ಅಮೆರಿಕದಲ್ಲೂ ಅಂಥವರಿದ್ದಾರೆ. 1922ರಲ್ಲಿ ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಶುರುವಾದ ಸ್ಟೇಟ್ ಫಾರ್ಮ್, 1931ರಲ್ಲಿ ಷಿಕಾಗೋದ ಸಿಯರ್ಸ್ ಅಂಗಡಿ ಹುಟ್ಟುಹಾಕಿದ ಆಲ್‌ಸ್ಟೇಟ್ ಬೆಳೆದದ್ದು ಇಂಥ ಒಂದೇ ಕಂಪನಿಯ ಏಜೆಂಟರಿಂದ. ಸ್ವತಂತ್ರ ಏಜೆಂಟ್ ಹಾಗಲ್ಲ. ಅವನ ಮೇಜಿನ ಮೇಲೆ ಐದಾರು ಕಂಪನಿಗಳ ದರ ಇರುತ್ತದೆ. ಈ ವರ್ಷ ಒಂದು ಕಂಪನಿ ಪ್ರೀಮಿಯಂ ಏರಿಸಿದರೆ ಗಿರಾಕಿಯನ್ನು ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಾನೆ.

ಈ ಹಕ್ಕು ಸುಮ್ಮನೆ ದಕ್ಕಿದ್ದಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಫಿಲಡೆಲ್ಫಿಯಾ, ಹಾರ್ಟ್‌ಫರ್ಡ್, ನ್ಯೂಯಾರ್ಕ್‌ನ ಬೆಂಕಿ ವಿಮೆ ಕಂಪನಿಗಳಿಗೆ ಪಶ್ಚಿಮದ ಊರುಗಳ ಪರಿಚಯ ಇರಲಿಲ್ಲ. ಯಾವ ಗೋದಾಮು ಮರದ್ದು, ಯಾವ ಅಂಗಡಿಯವನು ನಂಬಿಗಸ್ತ ಎಂದು ಬಲ್ಲವರು ಸ್ಥಳೀಯರು ಮಾತ್ರ. ಆ ತಿಳಿವಳಿಕೆಗಾಗಿಯೇ ಕಂಪನಿಗಳು ಊರೂರಿನಲ್ಲಿ ಏಜೆಂಟರನ್ನು ನೇಮಿಸಿಕೊಂಡವು. 1871ರ ಅಕ್ಟೋಬರ್ 8ರ ರಾತ್ರಿ ಷಿಕಾಗೋಗೆ ಬೆಂಕಿ ಬಿತ್ತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು, ಸುಮಾರು 20 ಕೋಟಿ ಡಾಲರ್ ಆಸ್ತಿ ಬೂದಿಯಾಯಿತು. ಅದೇ ಹೊತ್ತಿನಲ್ಲಿ ಮಿಷಿಗನ್‌ನ ಹಾಲೆಂಡ್, ಮ್ಯಾನಿಸ್ಟೀ ಪಟ್ಟಣಗಳೂ ಉರಿದವು. ಹತ್ತಾರು ವಿಮಾ ಕಂಪನಿಗಳು ಬಾಗಿಲು ಹಾಕಿದವು. ಪಾಲಿಸಿ ಕೈಲಿದ್ದರೂ ಎಷ್ಟೋ ಜನಕ್ಕೆ ಪೂರ್ತಿ ಹಣ ಬರಲಿಲ್ಲ. ಎಲ್ಲ ಪಾಲಿಸಿಯನ್ನೂ ಒಂದೇ ಕಂಪನಿಯಲ್ಲಿ ಇಟ್ಟರೆ ಏನಾಗುತ್ತದೆ ಎಂಬುದನ್ನು ಮಧ್ಯ ಪಶ್ಚಿಮದ ಏಜೆಂಟರು ಕಣ್ಣಾರೆ ಕಂಡರು.

ಅದಾಗಿ ಕಾಲು ಶತಮಾನಕ್ಕೆ, 1896ರಲ್ಲಿ, ಅದೇ ಷಿಕಾಗೋದಲ್ಲಿ ಬೇರೆ ಬೇರೆ ರಾಜ್ಯಗಳ ಏಜೆಂಟರು ಸೇರಿ ರಾಷ್ಟ್ರೀಯ ಸಂಘ ಕಟ್ಟಿದರು. ಅವರ ದೂರು ಸ್ಪಷ್ಟವಾಗಿತ್ತು: ಊರಲ್ಲಿ ಏಜೆಂಟ್ ಇದ್ದರೂ ಕಂಪನಿ ಅವನ ತಲೆಯ ಮೇಲಿಂದಲೇ ಹೋಗಿ ಗಿರಾಕಿಗೆ ನೇರವಾಗಿ ಪಾಲಿಸಿ ಬರೆದುಕೊಡುತ್ತದೆ. ಜಗಳದ ನಿಜವಾದ ವಸ್ತು ಒಂದು ರಿಜಿಸ್ಟರ್. ಯಾರ ಮನೆ, ಎಷ್ಟು ಮೊತ್ತ, ಪಾಲಿಸಿ ಯಾವ ದಿನ ಮುಗಿಯುತ್ತದೆ ಎಂದು ತಿಂಗಳುವಾರು ಬರೆದಿಟ್ಟ ಪುಸ್ತಕ. ಆ ತಾರೀಖು ಗೊತ್ತಿದ್ದವನು ಅದಕ್ಕೆ ಮುಂಚೆಯೇ ಹೋಗಿ ಗಿರಾಕಿಯ ಬಾಗಿಲು ತಟ್ಟಬಹುದು. ಗೊತ್ತಿಲ್ಲದವನಿಗೆ ಊರೆಲ್ಲ ಅಪರಿಚಿತ. ಏಜೆನ್ಸಿ ಬಿಟ್ಟ ಮೇಲೆ ಆ ಪುಸ್ತಕ ಕಂಪನಿಗೆ ಸೇರಬೇಕೋ ಏಜೆಂಟನಿಗೋ? 1904ರಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ನ್ಯಾಯಾಲಯ ನ್ಯಾಷನಲ್ ಫೈರ್ ಇನ್ಶೂರೆನ್ಸ್ ಕಂಪನಿ ಮತ್ತು ಸಲ್ಲಾರ್ಡ್ ನಡುವಿನ ಮೊಕದ್ದಮೆಯಲ್ಲಿ ಏಜೆಂಟನ ಪರ ನಿಂತಿತು. ಈ ಕಸುಬಿನ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ತಿರುವು ಇಲ್ಲ. ಅಲ್ಲಿಂದಾಚೆ ಏಜೆನ್ಸಿ ಎಂಬುದು ಬರೀ ಕಮಿಷನ್ ಕೆಲಸವಾಗಿ ಉಳಿಯಲಿಲ್ಲ. ಮಾರಬಹುದಾದ, ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿಯಾಯಿತು.

ಮಿಷಿಗನ್‌ಗೆ ಬಂದರೆ, ಕಸುಬಿಗೆ ಬಲ ತುಂಬಿದ್ದು ಕಾರ್ಖಾನೆ ಮತ್ತು ಕಾರು. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ಕೊಡುವ ಕಾಯ್ದೆ 1912ರಲ್ಲಿ ಬಂತು. ಅದೇ ವರ್ಷ ಆ ವಿಮೆಗೆಂದೇ ಡೆಟ್ರಾಯಿಟ್‌ನಲ್ಲಿ ಒಂದು ಮ್ಯೂಚುಯಲ್ ಕಂಪನಿ ಹುಟ್ಟಿತು. ಮುಂದೆ ಮಿಷಿಗನ್ ಮ್ಯೂಚುಯಲ್ ಎಂದು ಹೆಸರಾಗಿ, ಈಗ ಅಮೆರಿಶೂರ್ ಎನ್ನಿಸಿಕೊಂಡು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲೇ ಕೇಂದ್ರ ಕಚೇರಿ ಇಟ್ಟುಕೊಂಡಿರುವುದು ಅದೇ. 1916ರಲ್ಲಿ ಮೌಂಟ್ ಪ್ಲೆಸೆಂಟ್‌ನಲ್ಲಿ ಆರಂಭವಾಗಿ ಮರುವರ್ಷ ಲ್ಯಾನ್ಸಿಂಗ್‌ಗೆ ಬಂದ ಆಟೋ-ಓನರ್ಸ್ ಇನ್ನೊಂದು. ಇವೆರಡೂ ಇಂದಿಗೂ ಸ್ವತಂತ್ರ ಏಜೆಂಟರ ಮೂಲಕವೇ ವ್ಯವಹಾರ ಮಾಡುತ್ತವೆ.

ಇನ್ನು 1973ರ ಕಾಯ್ದೆ. ಅಪಘಾತದಲ್ಲಿ ತಪ್ಪು ಯಾರದೆಂದು ಕೋರ್ಟಿನಲ್ಲಿ ವರ್ಷಗಟ್ಟಲೆ ಗುದ್ದಾಡುವ ಬದಲು, ಗಾಯಾಳುವಿಗೆ ಅವನದೇ ವಿಮಾ ಕಂಪನಿ ಚಿಕಿತ್ಸೆಯ ಹಣ ಕೊಡಬೇಕು ಎಂಬುದು ಅದರ ತಿರುಳು. ಮಿಷಿಗನ್ ಎಲ್ಲರಿಗಿಂತ ಧಾರಾಳವಾಯಿತು: ಚಿಕಿತ್ಸೆಗೆ ಮೊತ್ತದ ಮಿತಿಯಿಲ್ಲ, ಜೀವನಪೂರ್ತಿ. ವಿಮೆಯ ಪುರಾವೆ ಇಲ್ಲದೆ ಕಾರಿಗೆ ನಂಬರ್ ಪ್ಲೇಟೂ ಸಿಗದು. 1978ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಕೊಳ್ಳಲೇಬೇಕು ಎಂದ ಮೇಲೆ ಅದು ನ್ಯಾಯವಾದ ದರದಲ್ಲಿ ಸಿಗುವಂತೆಯೂ ಮಾಡಬೇಕು ಎಂದಿತು. 1965ರ ವಲಸೆ ಕಾಯ್ದೆಯ ನಂತರ ಕಾರು ಕಂಪನಿಗಳ ಕೆಲಸಕ್ಕೆಂದು ಡೆಟ್ರಾಯಿಟ್ ಸುತ್ತ ನೆಲೆಸಿದ, 2002ರಲ್ಲಿ ಇಲ್ಲಿಯೇ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ನಡೆಸಿದ ಕನ್ನಡ ಕುಟುಂಬಗಳೂ ಈ ಲೆಕ್ಕದೊಳಗೇ ಬದುಕಿದವು.

ಧಾರಾಳತನದ ಬೆಲೆ ಪ್ರೀಮಿಯಂನಲ್ಲಿ ಕಂಡಿತು. ಮಿಷಿಗನ್ ದೇಶದಲ್ಲೇ ದುಬಾರಿ ರಾಜ್ಯಗಳ ಸಾಲಿಗೆ ಸೇರಿತು. 2019ರಲ್ಲಿ ಕಾನೂನು ಬದಲಾಗಿ, 2020ರ ಜುಲೈ 2ರಿಂದ ಚಿಕಿತ್ಸಾ ಮೊತ್ತವನ್ನು ಗಿರಾಕಿಯೇ ಆರಿಸಿಕೊಳ್ಳಬೇಕಾಯಿತು. ಮಿತಿಯಿಲ್ಲದ್ದು, 5 ಲಕ್ಷ ಡಾಲರ್, ಎರಡೂವರೆ ಲಕ್ಷ. ಮೆಡಿಕೇಡ್, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದ್ದವರಿಗೆ ಷರತ್ತಿನ ಮೇಲೆ ಇನ್ನೂ ಕಡಿಮೆ. ಒಂದು ಫಾರ್ಮು, ಒಂದು ಸಹಿ. ಬೆನ್ನುಮೂಳೆ ಮುರಿದವನ ಜೀವಮಾನದ ಆರೈಕೆಗೆ ಎಷ್ಟು ಬೇಕಾದೀತು ಎಂದು ಆ ಸಹಿಗೆ ಮೊದಲು ಬಿಡಿಸಿ ಹೇಳುವ ಹೊಣೆ ಏಜೆಂಟನ ಮೇಲೆ ಬಿತ್ತು. ಎದುರಿಗೆ ಕೂತು ವಿವರಿಸುವವನೊಬ್ಬ ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಈಗ ಹೊಸದಾಗಿ ಕಚೇರಿ ತೆರೆಯುವವನಿಗೆ ಲೈಸೆನ್ಸ್ ಪರೀಕ್ಷೆ ಸುಲಭದ ಭಾಗ. ಕಂಪನಿಗಳು ಅವನನ್ನು ಏಜೆಂಟಾಗಿ ಒಪ್ಪಿಕೊಳ್ಳುವ ಮುಂಚೆ ವರ್ಷಕ್ಕೆ ಎಷ್ಟು ಪ್ರೀಮಿಯಂ ತರುತ್ತೀ ಎಂದು ಕೇಳುತ್ತವೆ. ಕಂಪನಿ ಒಪ್ಪದೆ ಅವನು ಪ್ರೀಮಿಯಂ ತರುವಂತಿಲ್ಲ. ಅದಕ್ಕೇ ಬಹಳಷ್ಟು ಮಂದಿ ಹಲವು ಏಜೆನ್ಸಿಗಳು ಸೇರಿ ಮಾಡಿಕೊಂಡ ಒಕ್ಕೂಟಗಳ ಆಸರೆ ಪಡೆಯುತ್ತಾರೆ. ಒಕ್ಕೂಟದ ಹೆಸರಿನಲ್ಲಿ ಕಂಪನಿಗಳು ಸಿಗುತ್ತವೆ, ಬದಲಿಗೆ ಕಮಿಷನ್ನಿನಲ್ಲಿ ಪಾಲು ಹೋಗುತ್ತದೆ. ಹಾಗೆ ಸೇರುವಾಗ ಕರಾರುಪತ್ರದಲ್ಲಿ ಹುಡುಕಬೇಕಾದ ಸಾಲು 1904ರ ಮೊಕದ್ದಮೆಯದೇ: ಐದು ವರ್ಷ ದುಡಿದು ಒಕ್ಕೂಟ ಬಿಟ್ಟರೆ ಗಿರಾಕಿಗಳ ರಿನ್ಯೂವಲ್ ಯಾರಿಗೆ ಸೇರುತ್ತದೆ, ಹೊರಹೋಗಲು ಎಷ್ಟು ಕಟ್ಟಬೇಕು ಎಂಬುದು. ಕೆಲವು ಒಕ್ಕೂಟಗಳು ಏಜೆಂಟನಿಗೇ ಪೂರ್ತಿ ಬಿಡುತ್ತವೆ, ಕೆಲವು ಪಾಲು ಕೇಳುತ್ತವೆ, ಇನ್ನು ಕೆಲವು ಬಿಟ್ಟುಕೊಡುವುದೇ ಇಲ್ಲ.