ಗೋವನ್‌ನಿಂದ ಸ್ಟ್ರಾತ್‌ಕ್ಲೈಡ್‌ವರೆಗೆ: ಒಂದು ಪೊಲೀಸ್ ಬ್ಯಾಗ್‌ಪೈಪ್ ವಾದ್ಯವೃಂದ

ಸ್ಕಾಟ್ಲೆಂಡಿನಲ್ಲಿ ಹಡಗು ನಿರ್ಮಾಣಕ್ಕೆ ಹೆಸರಾದ ಗೋವನ್ ಪಟ್ಟಣದ ಪೊಲೀಸರು 1883ರಲ್ಲಿ ಕಟ್ಟಿದ ಈ ವಾದ್ಯವೃಂದವು ಆಡಳಿತದ ಗಡಿಗಳೊಡನೆ ತನ್ನ ಹೆಸರನ್ನೂ ಬದಲಿಸಿಕೊಂಡಿತು. 1912ರಲ್ಲಿ ಗೋವನ್ ಗ್ಲಾಸ್ಗೋದಲ್ಲಿ ವಿಲೀನಗೊಂಡಾಗ ಅದು ನಗರ ಪೊಲೀಸರದಾಯಿತು; 1975ರಲ್ಲಿ ಸ್ಟ್ರಾತ್‌ಕ್ಲೈಡ್ ಪೊಲೀಸರದು. ಆದುದರಿಂದ ಇದರ ವಿಜಯಗಳನ್ನು ಹೆಸರಿಗೊಂದರಂತೆ ಬೇರ್ಪಡಿಸಿ ಎಣಿಸುವ ಕ್ರಮವು ಪರಂಪರೆಯನ್ನು ತುಂಡರಿಸುತ್ತದೆ.

ಬ್ಯಾಗ್‌ಪೈಪಿನಲ್ಲಿ ಆಧಾರಶ್ರುತಿಯ ಕೊಳವೆಗಳು ಎಡೆಬಿಡದೆ ಮೊಳಗುತ್ತಿರುತ್ತವೆ. ಒಬ್ಬ ವಾದಕನ ಶ್ರುತಿ ಕದಲಿದರೂ ಇಡೀ ಮೇಳ ಕೆಡುತ್ತದೆ. ನಮ್ಮ ತಂಬೂರಿಯ ಪರಿಚಯವುಳ್ಳವರಿಗೆ ಇದನ್ನು ವಿವರಿಸಬೇಕಿಲ್ಲ. ಇಂತಹ ವಾದ್ಯದಲ್ಲಿ, ಇಯಾನ್ ಮೆಕ್‌ಲೆಲನ್ ಅವರ ಮುಂದಾಳ್ತನದಲ್ಲಿ, ತಂಡವು 1981ರಿಂದ 1986ರವರೆಗೆ ಸತತ ಆರು ವಿಶ್ವ ಪ್ರಶಸ್ತಿಗಳನ್ನು ಗಳಿಸಿತು. 1987ರಲ್ಲಿ ಕೆನಡಾದ ತಂಡವೊಂದು ಆ ಸರಣಿಯನ್ನು ಮುರಿಯಿತು. 1988ರಲ್ಲಿ ಪ್ರಶಸ್ತಿ ಮರಳಿ, 1991ರವರೆಗೆ ತಂಡದಲ್ಲೇ ಉಳಿಯಿತು. 2013ರಲ್ಲಿ ಸ್ಕಾಟ್ಲೆಂಡಿಗೆಲ್ಲ ಒಂದೇ ಪೊಲೀಸ್ ಪಡೆ ರಚನೆಯಾದಾಗ ಸ್ಟ್ರಾತ್‌ಕ್ಲೈಡ್ ಎಂಬ ಹೆಸರೂ ಅಳಿಯಿತು.