ಶೇಕಡಾ 2ರ ಹಿಂದೆ: ಹಿರಿಯರ ನಡಿಗೆ ಮತ್ತು ಮಿದುಳಿನ ಕುರಿತು ಒಂದು ಟಿಪ್ಪಣಿ

ವರ್ಷವಿಡೀ ಬಿರುಸಾಗಿ ನಡೆದ ಹಿರಿಯರ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಶೇ. 2ರಷ್ಟು ದೊಡ್ಡದಾಯಿತು ಎಂಬ ಮಾತು ಆರೋಗ್ಯದ ಬರಹಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಮಾತು ಸುಳ್ಳಲ್ಲ. ಕರ್ಕ್ ಎರಿಕ್ಸನ್, ಆರ್ಥರ್ ಕ್ರೇಮರ್ ಮತ್ತು ಸಂಗಡಿಗರು 2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆ ಅಂಕಿ ಇದೆ. ಅದೇ ಪ್ರಬಂಧದಲ್ಲಿ ಇನ್ನೊಂದು ಫಲಿತಾಂಶವೂ ಇದೆ. ಅದನ್ನು ಉಲ್ಲೇಖಿಸುವವರು ಕಡಿಮೆ. ಈ ಟಿಪ್ಪಣಿಯ ಕಾಳಜಿ ಮುಖ್ಯವಾಗಿ ಆ ಎರಡನೆಯದರ ಬಗ್ಗೆ.

ಮೊದಲು ಪ್ರಯೋಗದ ಸ್ವರೂಪ. 55ರಿಂದ 80 ವರ್ಷದೊಳಗಿನ 120 ಮಂದಿ. ಯಾರಿಗೂ ಡಿಮೆನ್ಶಿಯಾ ಇಲ್ಲ, ವ್ಯಾಯಾಮದ ಅಭ್ಯಾಸವೂ ಇಲ್ಲ. ಚೀಟಿ ಎತ್ತಿದಂತೆ ಇವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಡಿಗೆ, ಇನ್ನೊಂದಕ್ಕೆ ಮೈ ಸಡಿಲಿಸುವ, ಸ್ನಾಯು ಬಿಗಿಗೊಳಿಸುವ ಲಘು ಕಸರತ್ತು ಕೊಡಲಾಯಿತು. ಎರಡೂ ಒಂದು ವರ್ಷ, ವಾರಕ್ಕೆ 3 ದಿನ, ತರಬೇತುದಾರರ ಕಣ್ಣೆದುರಿಗೇ. ನಡಿಗೆಯವರು 10 ನಿಮಿಷದಿಂದ ಆರಂಭಿಸಿ ವಾರಕ್ಕೆ 5 ನಿಮಿಷ ಏರಿಸುತ್ತ 7ನೆಯ ವಾರದ ಹೊತ್ತಿಗೆ 40 ನಿಮಿಷಕ್ಕೆ ಬಂದರು. ವರ್ಷದ ಕೊನೆಗೆ ನಡೆದವರ ಹಿಪೊಕ್ಯಾಂಪಸ್ ಎಡಭಾಗದಲ್ಲಿ ಶೇ. 2.12, ಬಲಭಾಗದಲ್ಲಿ ಶೇ. 1.97ರಷ್ಟು ಹಿಗ್ಗಿತ್ತು. ಇನ್ನೊಂದು ಗುಂಪಿನಲ್ಲಿ ಅದು ಕ್ರಮವಾಗಿ ಶೇ. 1.40 ಮತ್ತು 1.43ರಷ್ಟು ಕುಗ್ಗಿತ್ತು. ಹೆಚ್ಚಳವೆಲ್ಲ ಹಿಪೊಕ್ಯಾಂಪಸ್‌ನ ಮುಂಭಾಗದಲ್ಲಿ. ಹೋಲಿಕೆಗೆಂದು ಅಳೆದ ಮಿದುಳಿನ ಬೇರೆ ಭಾಗಗಳಾದ ಥಾಲಮಸ್ ಮತ್ತು ಕಾಡೇಟ್‌ಗಳಲ್ಲಿ ನಡಿಗೆಯ ಪರಿಣಾಮ ಕಾಣಲಿಲ್ಲ. ಇಳಿವಯಸ್ಸಿನಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಶೇ. 1ರಿಂದ 2ರಷ್ಟು ಕುಗ್ಗುವುದು ಸಾಮಾನ್ಯ. ಹಾಗಾಗಿ ಒಂದೆರಡು ವರ್ಷದ ನಷ್ಟ ಭರ್ತಿಯಾಯಿತು ಎಂದು ಲೇಖಕರು ಬರೆದರು. ಪತ್ರಿಕೆಗಳು ಎತ್ತಿಕೊಂಡದ್ದು ಇಷ್ಟನ್ನು.

ಇನ್ನು ನೆನಪಿನ ಪರೀಕ್ಷೆ. ಪರದೆಯ ಮೇಲೆ ಒಂದೋ ಎರಡೋ ಮೂರೋ ಕಪ್ಪು ಚುಕ್ಕೆ ಅರ್ಧ ಸೆಕೆಂಡು ಮೂಡಿ ಮಾಯವಾಗುತ್ತವೆ. ಮೂರು ಸೆಕೆಂಡಿನ ಬಳಿಕ ಒಂದು ಕೆಂಪು ಚುಕ್ಕೆ ಬರುತ್ತದೆ. ಅದು ಮೊದಲಿನ ಚುಕ್ಕೆಗಳಲ್ಲೊಂದು ಇದ್ದ ಜಾಗದಲ್ಲೇ ಇದೆಯೇ ಇಲ್ಲವೇ ಹೇಳಬೇಕು. ವರ್ಷದ ನಂತರ ನಡಿಗೆಯ ಗುಂಪು ಇದರಲ್ಲಿ ಸುಧಾರಿಸಿತ್ತು. ಲಘು ಕಸರತ್ತಿನ ಗುಂಪೂ ಸುಧಾರಿಸಿತ್ತು. ಎರಡರ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಹಿಪೊಕ್ಯಾಂಪಸ್ ಕುಗ್ಗಿದವರ ನೆನಪೂ ಹಿಗ್ಗಿದವರ ನೆನಪಿನಷ್ಟೇ ಚುರುಕಾಯಿತು ಎಂದರೆ ಗಾತ್ರಕ್ಕೂ ನೆನಪಿಗೂ ನಾವು ಕಟ್ಟುವ ನೇರ ಸಂಬಂಧ ಅಲ್ಲಿಯೇ ಸಡಿಲವಾಯಿತು. ಲೇಖಕರು ಇದನ್ನು ಮುಚ್ಚಿಡಲಿಲ್ಲ. ನಡಿಗೆಯ ಗುಂಪಿನೊಳಗೆ ಮಾತ್ರ ನೋಡಿದರೆ ಗಾತ್ರ ಹೆಚ್ಚಿದವರ ನೆನಪು ಹೆಚ್ಚು ಸುಧಾರಿಸಿತ್ತು ಎಂದು ಅವರು ತೋರಿಸಿದರು. ಆದರೆ ಗುಂಪಿನೊಳಗಿನ ಸಹಸಂಬಂಧಕ್ಕೆ ಯಾದೃಚ್ಛಿಕ ಹಂಚಿಕೆಯ ಬಲ ಇರುವುದಿಲ್ಲ. ಹೆಚ್ಚು ಆರೋಗ್ಯವಂತರಾಗಿದ್ದವರಿಗೆ ಎರಡೂ ಒದಗಿರಬಹುದು. ಅದೇ ವರ್ಷ ಅದೇ ನಿಯತಕಾಲಿಕಕ್ಕೆ ಬಂದ ಪತ್ರವೊಂದು ಈ ಆಕ್ಷೇಪವನ್ನೇ ಎತ್ತಿತು.

ಹೋಲಿಕೆಯ ಗುಂಪು ನಿಜಕ್ಕೂ ಏನು ಮಾಡುತ್ತಿತ್ತು? ಡಂಬೆಲ್ ಅಥವಾ ರಬ್ಬರ್ ಪಟ್ಟಿ ಹಿಡಿದು ಸ್ನಾಯುಗಳ ಕಸರತ್ತು, ಸಮತೋಲನದ ಅಭ್ಯಾಸ, ಜೊತೆಗೆ ಒಂದು ಸುತ್ತು ಯೋಗಾಸನ. ನಮ್ಮಲ್ಲಿ ಬಹುಪಾಲು ಜನ ವ್ಯಾಯಾಮವೆಂದರೆ ಇದನ್ನೇ ಎನ್ನುತ್ತಾರೆ! ಅಲ್ಲಿ ಅದು ಏನೂ ಮಾಡದವರ ಸ್ಥಾನದಲ್ಲಿ ನಿಂತಿದೆ. ವಾರಕ್ಕೆ ಮೂರು ಬಾರಿ ಮನೆಯಿಂದ ಹೊರಟು, ಹತ್ತಾರು ಜನರ ಜೊತೆ ಬೆರೆತು, ಹೊಸ ಚಲನೆಗಳನ್ನು ಕಲಿತ ಗುಂಪು ಅದು. ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದ ರೂಢಿಯೂ ಎರಡೂ ಕಡೆ ಒಂದೇ. ಎರಡೂ ಗುಂಪು ಸುಧಾರಿಸಿದ್ದಕ್ಕೆ ಕಾರಣ ಸಹವಾಸವೋ ಆಸನವೋ ಅಭ್ಯಾಸಬಲವೋ ಎಂಬುದನ್ನು ಈ ವಿನ್ಯಾಸ ಬೇರ್ಪಡಿಸಿ ಹೇಳಲಾರದು. ನಡಿಗೆಯ ಏರೋಬಿಕ್ (ಉಸಿರು, ಹೃದಯ ಬಡಿತ ಏರಿಸುವ) ಅಂಶಕ್ಕೆ ಸಲ್ಲಬೇಕಾದದ್ದು ಎರಡು ಗುಂಪುಗಳ ನಡುವಿನ ಅಂತರ ಮಾತ್ರ. ನೆನಪಿನ ಮಟ್ಟಿಗೆ ಆ ಅಂತರ ಸಿಕ್ಕಿಲ್ಲ.

ಗಾತ್ರ ಹೆಚ್ಚಿತು ಎಂದರೆ ಒಳಗೆ ಏನು ಹೆಚ್ಚಿತು ಎಂಬುದೂ ಇತ್ಯರ್ಥವಾಗಿಲ್ಲ. ಚಕ್ರದ ಮೇಲೆ ಓಡುವ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚುತ್ತವೆ ಎಂದು 1999ರಲ್ಲಿ ಹೆನ್ರಿಯೆಟ್ ವಾನ್ ಪ್ರಾಗ್, ಫ್ರೆಡ್ ಗೇಜ್ ಮೊದಲಾದವರು ತೋರಿಸಿದ್ದರು. ಮನುಷ್ಯರಲ್ಲೂ ಹಾಗೆಯೇ ಎಂದು ಭಾವಿಸುವ ಆಸೆ ಸಹಜ. ಆದರೆ 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ತಂಡಗಳು ಪರಸ್ಪರ ವಿರುದ್ಧ ವರದಿ ಕೊಟ್ಟವು: ವಯಸ್ಕ ಮನುಷ್ಯರ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಪತ್ತೆಯೇ ಆಗುವುದಿಲ್ಲ ಎಂದು ಒಂದು, ಇಳಿವಯಸ್ಸಿನವರೆಗೂ ಅವು ಹುಟ್ಟುತ್ತಲೇ ಇರುತ್ತವೆ ಎಂದು ಇನ್ನೊಂದು. ಗಾತ್ರ ಅಳೆಯುವ ಎಂಆರ್‌ಐ ಸ್ಕ್ಯಾನ್ ಈ ಜಗಳ ಬಿಡಿಸಲಾರದು. ಅದಕ್ಕೆ ಕಾಣುವುದು ಒಟ್ಟು ಗಾತ್ರ. ಅದು ರಕ್ತನಾಳವೋ ಪೋಷಕ ಕೋಶವೋ ನೀರಿನಂಶವೋ ತಿಳಿಯದು. ಬಿಡಿಎನ್‌ಎಫ್ ಎಂಬ ಪ್ರೋಟೀನ್ ನರಕೋಶಗಳನ್ನು ಪೋಷಿಸುತ್ತದೆ ನಿಜ, ಎರಿಕ್ಸನ್ ತಂಡ ರಕ್ತದಲ್ಲಿ ಅದರ ಮಟ್ಟವನ್ನೂ ಅಳೆಯಿತು. ಆದರೆ ರಕ್ತದಲ್ಲಿ ಸಿಗುವ ಬಿಡಿಎನ್‌ಎಫ್‌ನ ಬಹುಪಾಲು ಪ್ಲೇಟ್‌ಲೆಟ್‌ಗಳಲ್ಲಿ ಕೂತಿರುತ್ತದೆ. ಅದನ್ನು ಮಿದುಳಿನ ಒಳಗಿನ ಸಂಗತಿಯ ಅಳತೆ ಎಂದು ಓದುವಾಗ ಎಚ್ಚರ ಬೇಕು.

ಆಮೇಲೆ ಬಂದ ದೊಡ್ಡ ಪ್ರಯೋಗಗಳು ಉತ್ಸಾಹವನ್ನು ತಗ್ಗಿಸಿದವು. 70ರಿಂದ 89 ವರ್ಷದ 1,635 ಮಂದಿಯನ್ನು ಎರಡು ವರ್ಷ ಅನುಸರಿಸಿದ ‘ಲೈಫ್’ ಪ್ರಯೋಗದಲ್ಲಿ (2015) ನಡಿಗೆ ಮುಖ್ಯವಾಗಿದ್ದ ವ್ಯಾಯಾಮದ ಗುಂಪಿಗೂ ಆರೋಗ್ಯದ ಉಪನ್ಯಾಸ ಕೇಳಿದ ಗುಂಪಿಗೂ ಅರಿವಿನ ಪರೀಕ್ಷೆಗಳಲ್ಲಿ ವ್ಯತ್ಯಾಸವಾಗಲಿಲ್ಲ. 80 ದಾಟಿದವರಲ್ಲಿ, ಮತ್ತು ದೇಹಶಕ್ತಿ ಮೊದಲೇ ಕುಂದಿದ್ದವರಲ್ಲಿ, ಯೋಜಿಸಿ ನಡೆದುಕೊಳ್ಳುವ ಸಾಮರ್ಥ್ಯಕ್ಕೆ ಕೊಂಚ ಅನುಕೂಲ ಕಂಡಿತು. ಉಪಗುಂಪಿನ ಫಲಿತಾಂಶವಾದ್ದರಿಂದ ಅದನ್ನು ಸುಳಿವೆಂದಷ್ಟೇ ಇಟ್ಟುಕೊಳ್ಳಬೇಕು. 2022ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಪ್ರಯೋಗ, ಮರೆವಿನ ಅಳುಕಿದ್ದ 585 ಹಿರಿಯರ ಮೇಲೆ ವ್ಯಾಯಾಮ ಮತ್ತು ಧ್ಯಾನ ಎರಡನ್ನೂ ಪರೀಕ್ಷಿಸಿತು; ಯಾವುದರಿಂದಲೂ ನೆನಪು ಸುಧಾರಿಸಲಿಲ್ಲ. ಅದಕ್ಕೆ ಮೊದಲೇ, 2018ರಲ್ಲಿ, 14 ಪ್ರಯೋಗಗಳ 737 ಮಂದಿಯ ಅಂಕಿಗಳನ್ನು ಕೂಡಿಸಿ ನೋಡಿದ ವಿಶ್ಲೇಷಣೆ ಬಂದಿತ್ತು. ಅದರ ಪ್ರಕಾರ ಒಟ್ಟು ಹಿಪೊಕ್ಯಾಂಪಸ್ ಮೇಲೆ ಏರೋಬಿಕ್ ವ್ಯಾಯಾಮದ ಪರಿಣಾಮ ಗಣನೀಯವಲ್ಲ. ಎಡಭಾಗದಲ್ಲಿ ಲಾಭವಿದೆ, ಅದೂ ಹಿಗ್ಗಿದ್ದರಿಂದ ಬಂದದ್ದಕ್ಕಿಂತ ಕುಗ್ಗುವುದು ತಪ್ಪಿದ್ದರಿಂದ ಬಂದದ್ದು.

ಕಾಯಿಲೆ ಆಗಲೇ ಕಾಲಿಟ್ಟಿದ್ದರೆ? ಬ್ರಿಟನ್ನಿನ ‘ಡಾಪಾ’ ಪ್ರಯೋಗ 494 ಡಿಮೆನ್ಶಿಯಾ ರೋಗಿಗಳಲ್ಲಿ ಇದನ್ನು ನೋಡಿತು. ನಾಲ್ಕು ತಿಂಗಳ ತರಬೇತಿಯಿಂದ ಅವರ ದೇಹ ಗಟ್ಟಿಯಾಯಿತು. ಅರಿವಿನ ಇಳಿಕೆ ನಿಧಾನವಾಗಲಿಲ್ಲ. ವರ್ಷದ ಕೊನೆಗೆ ವ್ಯಾಯಾಮದ ಗುಂಪಿನ ಅಂಕ ತುಸು ಹಿಂದೆಯೇ ಇತ್ತು. ಡಿಮೆನ್ಶಿಯಾ ಬಂದ ತಂದೆತಾಯಿಯನ್ನು ದಿನವೂ ನಡೆಸಲಾಗದೆ ತಪ್ಪಿತಸ್ಥ ಭಾವದಲ್ಲಿ ನವೆಯುವ ಮಕ್ಕಳಿಗೆ ವೈದ್ಯರು ಈ ಫಲಿತಾಂಶವನ್ನು ತಿಳಿಸಬೇಕೆಂದು ನನಗನ್ನಿಸುತ್ತದೆ.

ಹಾಗಾದರೆ ಚಟುವಟಿಕೆಯಿಂದಿರುವವರಿಗೆ ಡಿಮೆನ್ಶಿಯಾ ಕಡಿಮೆ ಎಂದು ಸಾಲುಸಾಲು ಸಮೀಕ್ಷೆಗಳು ಹೇಳುವುದು ಹೇಗೆ? ಲಂಡನ್ನಿನ ಸರ್ಕಾರಿ ನೌಕರರ ‘ವೈಟ್‌ಹಾಲ್ 2’ ಅಧ್ಯಯನ ಒಂದು ಉತ್ತರ ಕೊಡುತ್ತದೆ. 35ರಿಂದ 55ರ ಪ್ರಾಯದ 10,308 ಮಂದಿಯನ್ನು 1985ರಿಂದ ಹಿಂಬಾಲಿಸಿದ ಅಧ್ಯಯನ ಅದು. ಸರಾಸರಿ 27 ವರ್ಷದ ಅವಧಿಯಲ್ಲಿ ನಡುವಯಸ್ಸಿನ ದೈಹಿಕ ಚಟುವಟಿಕೆಗೂ ಮುಂದೆ ಬಂದ ಡಿಮೆನ್ಶಿಯಾಕ್ಕೂ ಸಂಬಂಧ ಕಾಣಲಿಲ್ಲ. ಕಂಡದ್ದು ಬೇರೆ. ರೋಗ ಪತ್ತೆಯಾಗುವ ಸುಮಾರು 9 ವರ್ಷ ಮೊದಲೇ ರೋಗಿಗಳ ಓಡಾಟ ಇಳಿಯತೊಡಗಿತ್ತು. ಅಂದರೆ ಕೂತಿದ್ದರಿಂದ ರೋಗ ಬಂತು ಎನ್ನುವ ಬದಲು ರೋಗ ಬರುತ್ತಿದ್ದುದರಿಂದಲೇ ಕೂರತೊಡಗಿದರು ಎಂದೂ ಓದಬಹುದು. ಐದಾರು ವರ್ಷ ಮಾತ್ರ ಅನುಸರಿಸುವ ಸಮೀಕ್ಷೆ ಈ ಗೊಂದಲದಿಂದ ಪಾರಾಗುವುದು ಕಷ್ಟ. 2024ರ ಲ್ಯಾನ್ಸೆಟ್ ಆಯೋಗ ಡಿಮೆನ್ಶಿಯಾಕ್ಕೆ 14 ತಡೆಗಟ್ಟಬಹುದಾದ ಕಾರಣಗಳನ್ನು ಗುರುತಿಸಿ ಒಟ್ಟು ಪಾಲು ಶೇ. 45 ಎಂದಿತು. ಅದರಲ್ಲಿ ದೈಹಿಕ ನಿಷ್ಕ್ರಿಯತೆಯದು ಶೇ. 2, ಕಿವುಡಿನದು ಶೇ. 7.

ಇಷ್ಟಾದರೂ ನಡಿಗೆಯನ್ನು ಬದಿಗಿಡಲು ನನಗೆ ಮನಸ್ಸಿಲ್ಲ. ಕಾರಣ ರಕ್ತನಾಳ. ನಿಯಮಿತ ಏರೋಬಿಕ್ ವ್ಯಾಯಾಮ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಇಳಿಸುತ್ತದೆ ಎಂಬುದು ಗಟ್ಟಿ ಸಂಗತಿ. 9,361 ಮಂದಿಯ ‘ಸ್ಪ್ರಿಂಟ್ ಮೈಂಡ್’ ಪ್ರಯೋಗದಲ್ಲಿ (2019) ಮೇಲಿನ ಒತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಔಷಧ ಕೊಟ್ಟಾಗ ಲಘು ಅರಿವಿನ ಕುಂದು ಶೇ. 19ರಷ್ಟು ಕಡಿಮೆಯಾಯಿತು, ಡಿಮೆನ್ಶಿಯಾದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಡಿಗೆ ಮಿದುಳನ್ನು ತಲುಪುವ ದಾರಿ ಹೊಸ ನರಕೋಶಗಳ ಬೆಳೆಗಿಂತ ಹೆಚ್ಚಾಗಿ ಸಣ್ಣ ರಕ್ತನಾಳಗಳ ರಕ್ಷಣೆಯ ಮೂಲಕ ಇರಬಹುದೆಂಬುದು ನನ್ನ ಊಹೆ. ಹಾಗಿದ್ದರೆ ಅದರ ಫಲ ಒಂದು ವರ್ಷದ ಚುಕ್ಕೆ ಪರೀಕ್ಷೆಯಲ್ಲಿ ಕಾಣಬೇಕಿಲ್ಲ.

ತೀವ್ರತೆಯ ಪ್ರಶ್ನೆಯೂ ಇದೆ. ಎರಿಕ್ಸನ್ ಪ್ರಯೋಗದಲ್ಲಿ ಮೊದಲ ಏಳು ವಾರದ ನಂತರ ಗುರಿ ಇದ್ದದ್ದು ಹೃದಯ ಬಡಿತದ ಮೀಸಲಿನ ಶೇ. 60ರಿಂದ 75. ರೂಢಿಯ ಲೆಕ್ಕದಲ್ಲಿ, 65 ವರ್ಷದವರ ಗರಿಷ್ಠ ಬಡಿತ 220ರಲ್ಲಿ 65 ಕಳೆದರೆ 155. ವಿಶ್ರಾಂತಿಯ ಬಡಿತ 75 ಎಂದಿಟ್ಟರೆ ಎರಡರ ನಡುವಿನ ಅಂತರ, ಅಂದರೆ ಮೀಸಲು, 80. ಅದರ ಶೇ. 60ರಿಂದ 75ನ್ನು ವಿಶ್ರಾಂತಿಯ ಬಡಿತಕ್ಕೆ ಕೂಡಿಸಿದರೆ ಗುರಿ ನಿಮಿಷಕ್ಕೆ 123ರಿಂದ 135. ಗೆಳೆಯರ ಜೊತೆ ರಾಜಕೀಯ ಚರ್ಚಿಸುತ್ತ ಪಾರ್ಕ್ ಸುತ್ತುವ ಸಂಜೆಯ ನಡಿಗೆ ಅಲ್ಲಿಗೆ ಮುಟ್ಟುವುದು ಅನುಮಾನ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಈ ಲೆಕ್ಕವೇ ಹೊಂದದು. ಆ ಮಾತ್ರೆಗಳು ಬಡಿತವನ್ನು ಏರಗೊಡುವುದಿಲ್ಲ. ಅಂಥವರು ಉಸಿರನ್ನು ನೋಡಿಕೊಳ್ಳಬೇಕು. ಮಾತಾಡಲು ಸಾಧ್ಯ, ಹಾಡಲು ಸಾಧ್ಯವಿಲ್ಲ ಎನ್ನುವಷ್ಟು ಏದುಸಿರು ಮಧ್ಯಮ ತೀವ್ರತೆಯ ಸ್ಥೂಲ ಗುರುತು. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಈವರೆಗೆ ಹೆಸರಿಸಿದ ಪ್ರಯೋಗಗಳೆಲ್ಲ ಅಮೆರಿಕ, ಯುರೋಪಿನವು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ದೀರ್ಘಕಾಲ ಅನುಸರಿಸುವ ಅಧ್ಯಯನ ನಡೆಸುತ್ತಿದೆ. 10,000 ಜನರನ್ನು ಸೇರಿಸಿಕೊಳ್ಳುವ ಗುರಿ ಅದರದು. ಇದು ವ್ಯಾಯಾಮದ ಪ್ರಯೋಗವಲ್ಲ, ಆದರೆ ಮುಂದೊಂದು ದಿನ ಅಂಥ ಪ್ರಯೋಗಕ್ಕೆ ನೆಲ ಹದ ಮಾಡಬಲ್ಲದು. ಆಗ ಏಳುವ ತೊಡಕುಗಳು ಎರಿಕ್ಸನ್ ಪ್ರಯೋಗ ನಡೆದ ಇಲಿನಾಯ್‌ನಲ್ಲಿ ಎದ್ದವಲ್ಲ. ಮಾವಿನ ತೋಪಿನಲ್ಲಿ, ಹೊಲದಲ್ಲಿ ದಿನವಿಡೀ ಬಗ್ಗಿ ಎದ್ದು ದುಡಿಯುವ ಹೆಂಗಸು ಬಿಡುವಿನ ವೇಳೆಯ ವ್ಯಾಯಾಮ ಎಷ್ಟು ಎಂಬ ಪ್ರಶ್ನಾವಳಿಗೆ ಸೊನ್ನೆ ಬರೆಸುತ್ತಾಳೆ. ಹಾಗೆಂದು ಅವಳನ್ನು ನಿಷ್ಕ್ರಿಯಳ ಪಟ್ಟಿಗೆ ಸೇರಿಸಿದರೆ ಲೆಕ್ಕವೇ ತಲೆಕೆಳಗು. ನಡಿಗೆಯ ತರಗತಿಗೆ ಹೋಲಿಕೆಯಾಗಿ ಏನನ್ನು ಕೊಡಬೇಕೆಂಬುದೂ ಸುಲಭವಲ್ಲ. ವಾರಕ್ಕೆ ಮೂರು ದಿನ ಕೂಲಿ ಬಿಟ್ಟು, ಓರಗೆಯವರ ಜೊತೆ ಒಂದೆಡೆ ಕೂತು ಮಾತಾಡುವ ಬಿಡುವೇ ಅವಳಿಗೆ ಬದುಕಿನಲ್ಲಿ ಹೊಸದಾಗಿದ್ದರೆ, ಎರಡೂ ಗುಂಪಿನ ನೆನಪು ಅಲ್ಲಿಯೂ ಸಮನಾಗಿ ಸುಧಾರಿಸೀತು. ಆದ್ದರಿಂದ ಅಲ್ಲಿ ಮೂರನೆಯ ಗುಂಪೊಂದು ಬೇಕು: ಅಧ್ಯಯನದ ಅವಧಿಯಲ್ಲಿ ತನ್ನ ಪಾಡಿಗೆ ತಾನಿದ್ದು, ಮುಗಿದ ಮೇಲೆ ಅದೇ ತರಗತಿಗಳನ್ನು ಪಡೆಯುವ ಗುಂಪು.